ರಜೆಯ ಆ ಒಂದು ಸಾಲು

ಶಾಲು ಹೊದೆಸುವವರನ್ನು ಕಂಡರೆ ನನಗೆ ಈಗ ಹೇಸಿಗೆಯಾಗುತ್ತದೆ. ಮೊದಲು ಹೀಗಿರಲಿಲ್ಲ. ಲಾಯಿಲದಲ್ಲಿ ಮೂವತ್ತು ವರ್ಷದಿಂದ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು ನಾನು. ಸನ್ಮಾನಪತ್ರಗಳನ್ನು ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. 'ತಾವು ಈ ಮಣ್ಣಿನ ಹೆಮ್ಮೆಯ ಪುತ್ರರು' ಎಂಬ ವಾಕ್ಯ ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಹೆಸರು ಬದಲಿಸಿದರೆ ಮುಗಿಯಿತು. ಒಬ್ಬ ಮಾಜಿ ಸೈನಿಕರಿಗೆ ಆದದ್ದನ್ನು ಹತ್ತಿರದಿಂದ ನೋಡಿದ ಮೇಲೆ ಆ ವಾಕ್ಯ ಮುಟ್ಟಿದರೆ ಕೈ ತೊಳೆಯಬೇಕು ಅನ್ನಿಸುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಮಿಲಿಟ್ರಿಯವರು ಎಂದರೆ ಸಾಕು, ಕಕ್ಕಿಂಜೆಯ ಬಸ್ಸಿನ ಕಂಡಕ್ಟರನಿಗೂ ಗೊತ್ತಾಗುತ್ತಿತ್ತು. ಸೈನ್ಯದಿಂದ ಬಂದ ಮೇಲೆ ಮೂಡುಬಿದಿರೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ಹದಿನೈದು ವರ್ಷ ನಿಂತರು. ಹೆಂಡತಿ ತೀರಿಹೋದ ಮೇಲೆ ಕಕ್ಕಿಂಜೆಯ ಹತ್ತಿರ ಒಂದು ಸಣ್ಣ ಮನೆ ಕಟ್ಟಿಕೊಂಡು ಇದ್ದರು. ಮಕ್ಕಳಿರಲಿಲ್ಲ. ಎಡಗೈಯ ಎರಡು ಬೆರಳು ಹೋಗಿದ್ದವು.

ಏಳು ವರ್ಷದ ಹಿಂದೆ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕಾಗದಗಳನ್ನು ಸೀರೆ ಅಂಗಡಿಯ ಒಂದು ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಅರ್ಜಿ ಕೊಡುವವ ಕೂತ್ಕೊಳ್ಳಬಾರ್ದು ಮೇಡಂ," ಎಂದರು.

ಊರಿಡೀ ನನ್ನನ್ನು ಟೈಪಿನಕ್ಕ ಎಂದು ಕರೆಯುವಾಗ ಅವರೊಬ್ಬರೇ ಮೇಡಂ ಎನ್ನುತ್ತಿದ್ದರು. ಆರು ವರ್ಷದಲ್ಲಿ ಒಮ್ಮೆಯೂ ಆ ಕುರ್ಚಿಯಲ್ಲಿ ಕೂತದ್ದು ನಾನು ನೋಡಿಲ್ಲ. ಕೌಂಟರಿನ ಆಚೆ ಕಂಬದ ಹಾಗೆ ನಿಂತು, ನಾನು ಟೈಪ್ ಮಾಡಿದ್ದನ್ನು ಬಲಗೈಯ ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈ ಮನುಷ್ಯ ಹೀಗೆ ನಿಂತುಕೊಂಡೇ ಇರುವುದರಿಂದಲೇ ಅಲ್ಲವೇ ಆಚೆಯವರು ಕೂತಲ್ಲಿಂದ ಏಳದೆ ಇರುವುದು!

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಸೈನ್ಯದಲ್ಲಿದ್ದಾಗ ಅವರಿಗೆ ಎರಡು ಪದಕಗಳು ಘೋಷಣೆಯಾಗಿದ್ದವು, ಒಂದು ಹಿಮದ ಎತ್ತರದಲ್ಲಿ ಕೆಲಸ ಮಾಡಿದ್ದಕ್ಕೆ, ಇನ್ನೊಂದು ಅಲ್ಲಿ ಜೀವ ಉಳಿಸಿದ್ದಕ್ಕೆ. ಅವೆರಡೂ ಅವರ ಸೇವಾ ಪುಸ್ತಕದಲ್ಲಿ ಇರಲಿಲ್ಲ. ಅವನ್ನು ಸೇರಿಸಬೇಕು.

"ಪದಕ ಗೋಡೆಗೆ ಹಾಕ್ಲಿಕ್ಕೆ ಅಲ್ಲ ಮೇಡಂ. ಪದಕ ಪುಸ್ತಕಕ್ಕೆ ಹತ್ತಿದ್ರೆ ಆ ದಿನ ನಾನು ಅಲ್ಲಿ ಇದ್ದೆ ಅಂತ ಆಗ್ತದೆ. ನನ್ನ ಅಕ್ಕನಿಗೆ ಅದನ್ನು ತೋರಿಸ್ಬೇಕು."

ಅಕ್ಕ ಎಂದರೆ ಮುಂಡಾಜೆಯಲ್ಲಿ ಕುಟುಂಬದ ಮನೆಯಲ್ಲಿರುವ ಅವರ ಒಡಹುಟ್ಟಿದವರು, ಇವರಿಗಿಂತ ಆರು ವರ್ಷ ದೊಡ್ಡವರು. ಇವರ ತಾಯಿ ತೀರಿಕೊಂಡಾಗ ಇವರು ಹಿಮದ ಮೇಲಿನ ಒಂದು ಪೋಸ್ಟಿನಲ್ಲಿದ್ದರು. ಟೆಲಿಗ್ರಾಂ ಹೋಯಿತು, ಕೆಳಗಿನ ಕಚೇರಿಯಲ್ಲಿ ಎರಡು ತಿಂಗಳ ರಜೆಯೂ ಮಂಜೂರಾಯಿತು. ಆದರೆ ಹವಾಮಾನ ಕೆಟ್ಟು ಇಳಿಯಲು ದಾರಿಯೇ ಇರಲಿಲ್ಲ. ಆ ವಾರದಲ್ಲೇ ಪಕ್ಕದ ಡೇರೆಯ ಮೇಲೆ ಹಿಮ ಜಾರಿತು. ಇವರು ಅಗೆದು ಮೂವರನ್ನು ಹೊರಗೆ ತೆಗೆದರು. ಇಬ್ಬರು ಬದುಕಿದರು. ಬೆರಳು ಹೋದದ್ದು ಆಗ. ತಾಯಿಯ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಮಗ ಬರಲಿಲ್ಲ. ಅಕ್ಕ ಅತ್ತರು, ಆದರೆ ನಂಬಿದರು. ಹಿಮ, ದಾರಿ ಇಲ್ಲ, ತಮ್ಮ ಏನು ಮಾಡಿಯಾನು? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಂಬಿಕೊಂಡಿದ್ದರು.

ಆಮೇಲೆ ಒಂದು ದಿನ ಯಾವುದೋ ಫಾರ್ಮು ತುಂಬಿಸಲೆಂದು ಇವರು ಸೇವಾ ಪುಸ್ತಕವನ್ನು ಅಕ್ಕನ ಮನೆಗೆ ಒಯ್ದರು. ಅಕ್ಕನ ಮಗ ಪುಟ ತಿರುಗಿಸುತ್ತ ಒಂದು ಸಾಲನ್ನು ಜೋರಾಗಿ ಓದಿಬಿಟ್ಟ. ತಾಯಿ ತೀರಿದ ಆ ಎರಡು ತಿಂಗಳು ಇವರು ರಜೆಯಲ್ಲಿದ್ದರು, ರಜೆಯ ವಿಳಾಸ ಮುಂಡಾಜೆಯ ಮನೆ! ರಜೆ ಮಂಜೂರಾದದ್ದು ಪುಸ್ತಕಕ್ಕೆ ಹತ್ತಿತ್ತು. ರದ್ದಾದದ್ದು ಹತ್ತಿರಲಿಲ್ಲ.

"ರಜೆ ಸಿಕ್ಕಿತ್ತಾ ನಿನಗೆ?" ಎಂದು ಕೇಳಿದರಂತೆ ಅಕ್ಕ. "ಹಾಗಾದ್ರೆ ಎಲ್ಲಿಗೆ ಹೋಗಿದ್ದಿ?"

ಇವರು ರಜೆ ರದ್ದಾದದ್ದನ್ನು ಹೇಳಿದರು. ಅಕ್ಕ ಪುಸ್ತಕವನ್ನೇ ನೋಡುತ್ತಿದ್ದರಂತೆ. ಸರಕಾರ ಸೀಲು ಹೊಡೆದು ಸುಳ್ಳು ಬರೆಯುತ್ತದಾ? ಅಲ್ಲಿಂದ ಮಾತು ನಿಂತಿತು. ಅಷ್ಟು ಸಾಲದು ಎಂದು ಊರಿನವರು ಉಳಿದದ್ದನ್ನು ತುಂಬಿಸಿದರು. ಬೊಂಬಾಯಿಯಲ್ಲಿ ಒಂದು ಹೆಂಗಸು ಇತ್ತಂತೆ, ಬೆರಳು ಹೋದದ್ದು ಅಲ್ಲಿ ಯಾವುದೋ ಮೆಷಿನಿಗೆ ಸಿಕ್ಕಿಯಂತೆ. ಎಲುಬಿಲ್ಲದ ನಾಲಿಗೆ. ಅದನ್ನು ನನಗೆ ಹೇಳಿದವನು ಆಗಸ್ಟ್ ಹದಿನೈದಕ್ಕೆ ಅವರ ಜೊತೆ ನಿಂತು ಫೋಟೋ ತೆಗೆಸಿಕೊಂಡವನೇ. ಥೂ! ನಾನೂ ಸಾಚಾ ಅಲ್ಲ. ಅದನ್ನು ಕೇಳಿದ ಮೇಲೆ ಒಂದೆರಡು ಸಲ ಅವರ ಎಡಗೈಯನ್ನು ಬೇರೆ ಕಣ್ಣಿನಿಂದ ನೋಡಿದ್ದೇನೆ. ಅವರಿಗೆ ಅದು ಗೊತ್ತಾಗಿತ್ತು. ಆದರೂ ಕೈಯನ್ನು ಕಿಸೆಗೆ ಹಾಕಲಿಲ್ಲ.

ಪದಕ ಯಾಕೆ ಪುಸ್ತಕಕ್ಕೆ ಹತ್ತಲಿಲ್ಲ ಎಂಬುದಕ್ಕೆ ಕಾರಣ ನಮ್ಮ ಊರಿನದೇ. ಅವರದು ಅಳಿಯಕಟ್ಟಿನ, ಅಂದರೆ ವಂಶ ತಾಯಿಯ ಕಡೆಯಿಂದ ನಡೆಯುವ ಕುಟುಂಬ. ಮನೆಯ ಯಜಮಾನ ಎಂದರೆ ತಾಯಿಯ ಅಣ್ಣ. ತಂದೆ ತನ್ನ ತಾಯಿಮನೆಯಲ್ಲಿ, ಬಂದು ಹೋಗುವ ನೆಂಟನ ಹಾಗೆ. ಸೈನ್ಯಕ್ಕೆ ಸೇರಲು ಮಂಗಳೂರಿಗೆ ಹೋದಾಗ ಜೊತೆಗೆ ಹೋದವರು ಆ ಸೋದರಮಾವ. ಭರ್ತಿ ಮಾಡುವವನು ನೀನು ಯಾರ ಮನೆಯ ಹುಡುಗ ಎಂದು ಕೇಳಿದ. ಹದಿನೆಂಟರ ಹುಡುಗ ಮಾವನನ್ನು ತೋರಿಸಿದ. ಮಾವನೂ ಗಂಭೀರವಾಗಿ ತನ್ನ ಹೆಸರು ಹೇಳಿದರು. ತಂದೆಯ ಹೆಸರಿನ ಜಾಗದಲ್ಲಿ ಮಾವ ಕೂತರು. ನಮ್ಮ ಕಡೆಯವರು ಯಾರೂ ಅದನ್ನು ತಪ್ಪು ಎಂದುಕೊಳ್ಳುತ್ತಿರಲಿಲ್ಲ. ವರ್ಷಗಳ ಮೇಲೆ ಮದುವೆಯಾಗಿ ಹೆಂಡತಿಯ ಹೆಸರು ಸೇರಿಸುವಾಗ ಯಾವನೋ ಗುಮಾಸ್ತ ಶಾಲೆಯ ಸರ್ಟಿಫಿಕೇಟು ನೋಡಿ ಮಾವನನ್ನು ಹೊಡೆದುಹಾಕಿ ತಂದೆಯನ್ನು ಬರೆದ. ಇದು ಹಿಮ ಜಾರಿದ ವರ್ಷವೇ ಆಯಿತು. ರಜೆ ರದ್ದು, ಗಾಯ, ಎರಡು ಪದಕ, ಎಲ್ಲವೂ ಒಂದೇ ಆದೇಶದಲ್ಲಿ ಪೋಸ್ಟಿನಿಂದ ಹೊರಟಿತು, ಅಲ್ಲಿನ ಹಳೆಯ ಪಟ್ಟಿಯಲ್ಲಿದ್ದಂತೆ ಮಾವನ ಮಗನೆಂಬ ಹೆಸರಿನಲ್ಲಿ. ಕಾರ್ಬನ್ ಪ್ರತಿಯಲ್ಲಿ ಇವರ ಸೈನ್ಯದ ನಂಬರಿನ ಕೊನೆಯ ಎರಡು ಅಂಕಿ ಮಸಿಯಾಗಿತ್ತು. ಫೈಲಿನಲ್ಲಿ ಆಗಲೇ ತಂದೆಯ ಮಗ ಕೂತಿದ್ದ. ಆದೇಶಕ್ಕೂ ಫೈಲಿಗೂ ತಾಳೆಯಾಗಲಿಲ್ಲ.

ಆ ಆದೇಶದ ಒಂದು ಪ್ರತಿಯನ್ನು ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಇವರ ಕೈಗೆ ಕೊಟ್ಟಿದ್ದರು. ಸೀರೆ ಅಂಗಡಿಯ ಚೀಲದಲ್ಲಿದ್ದದ್ದು ಅದೇ. ಸೀಲಿಲ್ಲದ ಪ್ರತಿ, ಅಕ್ಕನಿಗೆ ತೋರಿಸಿ ಪ್ರಯೋಜನವಿರಲಿಲ್ಲ.

ಅದನ್ನು ಲಗತ್ತಿಸಿ ಸೈನ್ಯದ ದಾಖಲೆ ಕಚೇರಿಗೆ ಮೊದಲ ಅರ್ಜಿ ಹಾಕಿದೆವು. ಎಂಟು ತಿಂಗಳ ಮೇಲೆ ಉತ್ತರ ಬಂತು. ಆದೇಶದಲ್ಲಿರುವ ಸೈನಿಕನ ತಂದೆಯ ಹೆಸರು ಬೇರೆ, ಆದ್ದರಿಂದ ಅವನು ತಾವಲ್ಲ. ಸರಿ, ಹಾಗಾದರೆ ಆ ಸೈನಿಕನ ದಾಖಲೆಯನ್ನಾದರೂ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಅದಕ್ಕೆ ಬಂದ ಉತ್ತರವನ್ನು ನಾನು ಮೂರು ಸಲ ಓದಿದೆ. ಮೂರನೆಯ ವ್ಯಕ್ತಿಯ ಖಾಸಗಿ ಮಾಹಿತಿಯನ್ನು ಕೊಡಲಾಗುವುದಿಲ್ಲ, ಸದರಿ ವ್ಯಕ್ತಿಯ ಒಪ್ಪಿಗೆ ಪತ್ರ ತರತಕ್ಕದ್ದು. ಆ ಸದರಿ ವ್ಯಕ್ತಿ ನನ್ನ ಕೌಂಟರಿನ ಆಚೆ ನಿಂತಿದ್ದರು, ಮೂರು ಬೆರಳಿನಲ್ಲಿ ಚಹಾದ ಗ್ಲಾಸು ಹಿಡಿದುಕೊಂಡು.

ನನಗೆ ತಡೆಯಲಾಗಲಿಲ್ಲ. ಮುಂದಿನ ಅರ್ಜಿಯ ಕೊನೆಯಲ್ಲಿ 'ತಮಗೆ ನಾಚಿಕೆಯಾಗುವುದಿಲ್ಲವೇ' ಎಂದು ಟೈಪ್ ಮಾಡಿಬಿಟ್ಟೆ. ಅವರು ಎಂದಿನ ಹಾಗೆ ಬೆರಳಿಟ್ಟು ಓದುತ್ತ ಬಂದು ಅಲ್ಲಿಗೆ ನಿಂತರು.

"ಇದನ್ನು ತೆಗೀರಿ ಮೇಡಂ."

"ಯಾಕೆ ತೆಗಿಬೇಕು? ನಿಮಗೆ ಸಿಟ್ಟು ಬರುದಿಲ್ವಾ ಮಾರಾಯ್ರೆ?"

"ಬರ್ತದೆ. ಆದ್ರೆ ಅವ ಚಳಿ ನೋಡಿದವ ಅಲ್ಲ. ಅವನಿಗೆ ಹೇಗೆ ಗೊತ್ತಾಗ್ತದೆ?"

ಅವರ ಬಾಯಿಯಿಂದ ನಾನು ಕೇಳಿದ ಅತಿ ದೊಡ್ಡ ಬೈಗಳು ಅದು. ಚಳಿ ನೋಡಿದವ ಅಲ್ಲ. ಬಸ್ಸಿನಲ್ಲಿ ಸೀಟು ಕೊಡದವನಿಗೂ ಅದೇ, ಕಚೇರಿಯ ದೊಡ್ಡ ಸಾಹೇಬರಿಗೂ ಅದೇ. ನಾನು ಆ ಸಾಲು ತೆಗೆದು 'ತಮ್ಮ ವಿಧೇಯ' ಎಂದು ಹಾಕಿದೆ. ನನ್ನ ಬಾಯಿಯಲ್ಲಿ ಕಹಿ ಹಾಗೆಯೇ ಉಳಿಯಿತು.

ದಾಖಲೆ ಕಚೇರಿಯವರು ವಂಶವೃಕ್ಷದ ದೃಢಪತ್ರ ಬೇಕು ಎಂದರು. ತಾಲೂಕಿನ ಕಚೇರಿಗೆ ನಾನೇ ಜೊತೆಗೆ ಹೋದೆ. ಫಾರ್ಮಿನಲ್ಲಿ ತಂದೆ, ತಂದೆಯ ತಂದೆ, ಹೀಗೆ ಮೇಲಕ್ಕೆ ಹೋಗುತ್ತದೆ. ಮಾವನಿಗೆ ಜಾಗವೇ ಇಲ್ಲ. ಅಲ್ಲಿ ಕೂತಿದ್ದವನು ಎಲ್ಲವನ್ನೂ ಕೇಳಿ ನಕ್ಕ.

"ಮಾವ ಅಪ್ಪ ಹೇಗೆ ಆಗ್ತಾನೆ ಅಜ್ಜ? ಎಂತ ಕತೆ ಇದು?"

ಅವನ ಕುಟುಂಬ ನನಗೆ ಗೊತ್ತು. ಅವನದೂ ಅಳಿಯಕಟ್ಟೇ. ಅವನ ಮದುವೆಯ ಕಾಗದದಲ್ಲಿ ಮೇಲೆ ಅಚ್ಚಾಗಿದ್ದದ್ದು ಮಾವನ ಹೆಸರು, ಆ ಕಾಗದ ಟೈಪ್ ಮಾಡಿದವಳು ನಾನು. ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ಫೋನು ತೆಗೆದು ಕಿವಿಗಿಟ್ಟುಕೊಂಡ. ಕುರ್ಚಿಯಲ್ಲಿ ಕೂತ ಕೂಡಲೇ ಮನುಷ್ಯನಿಗೆ ತನ್ನ ಮನೆಯ ದಾರಿ ಮರೆತುಹೋಗುವುದು ಯಾಕೋ ನನಗೆ ತಿಳಿಯುವುದಿಲ್ಲ.

ಇನ್ನು ಮಾಜಿ ಸೈನಿಕರದ್ದೇ ಒಂದು ಸಂಘ ಇತ್ತು, ಬಂಟ್ವಾಳದ ಕಡೆಯದು. ಅಧ್ಯಕ್ಷರಿಗೆ ನೀಲಿ ಕೋಟು. ಸ್ವಾತಂತ್ರ್ಯೋತ್ಸವಕ್ಕೆ ವರ್ಷವೂ ಇವರನ್ನು ಕರೆಸಿ ಶಾಲು ಹೊದೆಸುತ್ತಿದ್ದರು. ಒಂದು ಶಿಫಾರಸು ಪತ್ರ ಕೊಡಿ ಎಂದು ಇವರು ಕೇಳಿದಾಗ, ಪದಕದ ಹಿಂದೆ ಓಡುವುದು ಸೈನಿಕನಿಗೆ ಶೋಭೆಯಲ್ಲ ಎಂದರಂತೆ. ಹೇಳುವಾಗ ಎದೆಯ ಮೇಲೆ ಐದು ಪದಕ ತೂಗುತ್ತಿದ್ದವು. ಇವರು ಮರುದಿನ ಬಂದು ಆ ಶಾಲನ್ನು ನನ್ನ ಝೆರಾಕ್ಸ್ ಮೆಷಿನಿನ ಮೇಲೆ ಹೊದೆಸಿ, "ಧೂಳು ಕೂತ್ಕೊಳ್ಳುದಿಲ್ಲ ಮೇಡಂ, ಒಳ್ಳೆ ಬಟ್ಟೆ," ಎಂದರು. ನಗುತ್ತಿರಲಿಲ್ಲ. ನಾಲ್ಕು ವರ್ಷದ ನಾಲ್ಕು ಶಾಲು ಹೀಗೆ ನನ್ನ ಅಂಗಡಿಗೆ ಬಂದವು.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಕುಟುಂಬದವರೆಲ್ಲ ಸೇರಬೇಕು. ಮುಂಡಾಜೆಯ ಮನೆಯಿಂದ ಇವರಿಗೆ ಕರೆ ಬರುವುದು ನಿಂತಿತ್ತು. ಒಂದು ವರ್ಷ ಅದೇ ದಿನ ಮಧ್ಯಾಹ್ನ ಬಂದು, ಟೈಪ್ ಮಾಡಿಸಲು ಏನೂ ಇಲ್ಲದೆ, ಸುಮ್ಮನೆ ನಿಂತಿದ್ದರು. ಮಳೆ ಹೊಯ್ಯುತ್ತಿತ್ತು. ನನ್ನ ಬುತ್ತಿಯಲ್ಲಿ ಅರ್ಧ ಕೊಟ್ಟೆ. ಅದರಲ್ಲಿ ಎರಡು ತುತ್ತು ತೆಗೆದು ಬಾಳೆಲೆಯ ತುಂಡಿನಲ್ಲಿಟ್ಟು ಹಿಂದಿನ ಗೋಡೆಯ ಮೇಲೆ ಇಟ್ಟು ಬಂದರು. ನಾನು ಕಾಗೆಗೆ ಅಂದುಕೊಂಡೆ. ಯಾರಿಗೆ ಎಂದು ಹೊಳೆದದ್ದು ಅವರು ಬಸ್ಸು ಹತ್ತಿ ಹೋದ ಮೇಲೆ. ಆ ದಿನ ನಾನು ಅಂಗಡಿಯ ಷಟರು ಅರ್ಧ ಎಳೆದು ಅತ್ತಿದ್ದೇನೆ.

ಕೊನೆಗೆ ದಾಖಲೆ ಕಚೇರಿಯಿಂದ ಒಂದು ದಾರಿ ತೋರಿಸಿದರು. ಮಾವನ ಹೆಸರಿನವನೂ ತಂದೆಯ ಹೆಸರಿನವನೂ ಒಬ್ಬನೇ ಎಂದು, ಭರ್ತಿಯ ಕಾಲದ ಸಂಗತಿ ಬಲ್ಲ, ವಯಸ್ಸಿನಲ್ಲಿ ಹಿರಿಯರಾದ ರಕ್ತಸಂಬಂಧಿ ಪ್ರಮಾಣಪತ್ರ ಕೊಡಬೇಕು. ಅಂಥವರು ಬದುಕಿದ್ದದ್ದು ಒಬ್ಬರೇ.

"ಅವಳ ಹತ್ರ ಕೇಳುದು ಬೇಡ," ಎಂದರು. "ನನ್ನ ಮೇಲೆ ನಂಬಿಕೆ ಇಲ್ಲದವಳ ಹತ್ರ ನನಗಾಗಿ ಸಹಿ ಹಾಕು ಅಂತ ಹೇಗೆ ಕೇಳುದು?"

ಒಂದೂವರೆ ವರ್ಷ ಆ ಫಾರ್ಮು ಚೀಲದಲ್ಲೇ ಉಳಿಯಿತು. ನಾನು ಅವರಿಗೆ ಹೇಳದೆ ಒಂದು ಪ್ರತಿ ತೆಗೆದುಕೊಂಡು ಮುಂಡಾಜೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಓದಿ ಹೇಳಿದೆ.

"ಮಾವನ ಹೆಸರು ಹಾಕಿದ್ದು ಹೌದು ಮಗಾ," ಎಂದರು. "ಮಾವನೇ ಕರ್ಕೊಂಡು ಹೋದದ್ದು. ಅದು ಸತ್ಯ, ಸಹಿ ಹಾಕ್ತೇನೆ. ಆದ್ರೆ ರಜೆ ತಕ್ಕೊಂಡು ಅಮ್ಮನ ಮುಖ ನೋಡ್ಲಿಕ್ಕೆ ಬರ್ಲಿಲ್ಲ, ಅದೂ ಸತ್ಯ."

ನಾನು ವಾದ ಮಾಡಿದೆ. ಅವರು ಬೀಜ ಬಿಡಿಸುವುದನ್ನು ಮುಂದುವರಿಸಿದರು. ನನ್ನ ಜೊತೆ ಲಾಯಿಲಕ್ಕೆ ಬಂದು ನೋಟರಿಯ ಎದುರು ಸಹಿ ಹಾಕಿ, ತಮ್ಮನ ವಿಷಯ ಮತ್ತೊಂದು ಮಾತಾಡದೆ ಬಸ್ಸು ಹತ್ತಿದರು.

ಇವರಿಗೆ ತಿಳಿಸಿದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಚೀಲವನ್ನು ಕೌಂಟರಿನ ಮೇಲೆ ಇಟ್ಟರು.

"ಹೋದಾಗ ನಿಮಗೆ ಬೊಂಡ ಗಿಂಡ ಕೊಟ್ಟಳಾ?"

"ಕೊಟ್ರು. ಎರಡು ಕೊಟ್ರು."

"ಹಾಗಾದ್ರೆ ಆಯ್ತು," ಎಂದರು. ಮನೆಗೆ ಬಂದವರನ್ನು ಅಕ್ಕ ಈಗಲೂ ಎಳನೀರು ಕೊಟ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದೊಂದೇ ಅವರಿಗೆ ಬೇಕಾಗಿದ್ದ ಸುದ್ದಿ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಎಂಟೇ ದಿನಕ್ಕೆ ತೀರಿಕೊಂಡರು. ಸಂಘದವರು ಧ್ವಜ ತಂದು ಹೊದೆಸಿದರು. ಅಕ್ಕ ಬಂದಿದ್ದರು, ಅಂಗಳದಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದರು, ಹೆಣ ಎತ್ತುವವರೆಗೆ ಅಲ್ಲಿಂದ ಏಳಲಿಲ್ಲ.

ಮೂರು ತಿಂಗಳ ಮೇಲೆ ಕಚೇರಿಯ ಲಕೋಟೆ ನನ್ನ ಅಂಗಡಿಯ ವಿಳಾಸಕ್ಕೆ ಬಂತು. ಪ್ರಮಾಣಪತ್ರವನ್ನು ಪರಿಶೀಲಿಸಿ ಎರಡೂ ಪದಕಗಳನ್ನು ದಾಖಲೆಗೆ ಸೇರಿಸಲಾಗಿದೆ. ಪದಕಗಳೂ ಹಿಂದಿನಿಂದ ಬಂದವು. ಸುದ್ದಿ ಸಂಘಕ್ಕೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಪದಕದ ಹಿಂದೆ ಓಡುವುದು ಶೋಭೆಯಲ್ಲ ಎಂದಿದ್ದ ಅಧ್ಯಕ್ಷರು ತಾವೇ ಓಡಾಡಿ ಒಂದು ಸಭಾಭವನದಲ್ಲಿ ಕಾರ್ಯಕ್ರಮ ಇಟ್ಟರು. ಫ್ಲೆಕ್ಸಿನಲ್ಲಿ ಸತ್ತವರ ಫೋಟೋ ಅಂಚೆಚೀಟಿಯಷ್ಟು, ಅಧ್ಯಕ್ಷರದ್ದು ಆಳೆತ್ತರ. ಸನ್ಮಾನಪತ್ರ ಟೈಪ್ ಮಾಡಿಕೊಡಿ ಎಂದು ನನ್ನ ಹತ್ತಿರವೇ ಬಂದರು. ಮೆಷಿನು ಕೆಟ್ಟಿದೆ ಎಂದೆ.

ವೇದಿಕೆಯ ಮೇಲೆ ಅಕ್ಕನನ್ನು ಕೂರಿಸಿದರು. ಹಣ್ಣಿನ ಬುಟ್ಟಿ, ಹಾರ, ಶಾಲು. ಪದಕದ ಪೆಟ್ಟಿಗೆಯನ್ನು ಅಧ್ಯಕ್ಷರು ಮೊದಲು ಕ್ಯಾಮೆರಾಕ್ಕೆ ತೋರಿಸಿ ಆಮೇಲೆ ಅವರ ಕೈಗೆ ಕೊಟ್ಟರು. ಹಿಮ, ಡೇರೆ, ಜೀವ ಉಳಿಸಿದ ಸಾಹಸ, ಎಲ್ಲವನ್ನೂ ಮೈಕಿನಲ್ಲಿ ಓದಿದರು. ಬೊಂಬಾಯಿಯ ಹೆಂಗಸಿನ ಕಥೆ ನನಗೆ ಹೇಳಿದವನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ.

ಅಕ್ಕ ಇಳಿದು ಬಂದು ಸೀದಾ ನನ್ನ ಹತ್ತಿರ ನಿಂತರು.

"ಮಗಾ, ಆ ರಜೆಯ ಸಾಲು ತೆಗೆದಿದ್ದಾರಾ?"

ಹೊಸ ದಾಖಲೆಯ ಪ್ರತಿ ನನ್ನ ಬ್ಯಾಗಿನಲ್ಲೇ ಇತ್ತು, ಬಂದ ದಿನವೇ ಓದಿದ್ದೆ. ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಒಂದೇ ಪುಟದಲ್ಲಿ, ಒಂದರ ಕೆಳಗೆ ಒಂದು, ಎರಡೂ ಇದ್ದವು. ಆ ದಿನ ಇವರು ಹಿಮದಲ್ಲಿ ಮೂವರನ್ನು ಅಗೆದು ತೆಗೆದರು. ಆ ದಿನ ಇವರು ರಜೆಯಲ್ಲಿ ಮುಂಡಾಜೆಯ ಮನೆಯಲ್ಲಿದ್ದರು. ಆರು ವರ್ಷ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಕಚೇರಿಯವರು ಮಾಡಿದ ತಿದ್ದುಪಡಿ ಇದು.

"ಇಲ್ಲಮ್ಮ, ತೆಗೀಲಿಲ್ಲ," ಎಂದೆ.

ಅಕ್ಕ ಪದಕದ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಆ ವಾರ ಕಳೆದು ಸೋಮವಾರ ಬೆಳಿಗ್ಗೆ ಷಟರು ಎತ್ತುವಾಗ ಅಂಗಡಿಯ ಎದುರು ನಿಂತಿದ್ದರು. ಒಳಗೆ ಬಂದು, ಮೆಷಿನಿನ ಮೇಲಿದ್ದ ಶಾಲನ್ನು ಒಮ್ಮೆ ಮುಟ್ಟಿ ನೋಡಿ, ತಮ್ಮ ಎಂದೂ ಕೂರದ ಆ ಕುರ್ಚಿಯನ್ನು ಎಳೆದು ಕೂತರು.

"ಇನ್ನೊಂದು ಅರ್ಜಿ ಬರಿ ಮಗಾ. ನನ್ನ ಹೆಸರಲ್ಲಿ."

"ಎಂತ ಅಂತ ಬರಿಲಿ?"

"ಅವ ಬರ್ಲಿಲ್ಲ ಅಂತ ಬರಿ. ಬೊಜ್ಜದ ದಿನ ಎಲೆ ಹಾಕಿ, ಬಡಿಸದೆ, ಬಸ್ಸಿನ ಶಬ್ದ ಕೇಳ್ತದಾ ಅಂತ ಕೂತಿದ್ದೆ. ಊರವರು ಹಸಿದು ಕಾದ್ರು. ಅವ ಮನೆಯಲ್ಲಿ ಇರ್ಲಿಲ್ಲ ಅಂತ ನನಗಿಂತ ಹೆಚ್ಚು ಯಾರಿಗೆ ಗೊತ್ತು? ನನ್ನನ್ನು ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಕಚೇರಿ ಕೇಳಿರಲಿಲ್ಲ. ಇವರಿಬ್ಬರ ನಡುವೆ ಆರು ವರ್ಷ ಕಾಗದ ಹೊತ್ತು ತಿರುಗಿದ ನನಗೂ ಹೊಳೆದಿರಲಿಲ್ಲ. ತಮ್ಮನ ಮೇಲೆ ಅಕ್ಕ ಹೊರಿಸಿದ ಅಪರಾಧವೇ ಅವನ ಪರವಾದ ಸಾಕ್ಷಿಯಾಗಿತ್ತು. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

'ನನ್ನ ತಮ್ಮ ನಮ್ಮ ತಾಯಿಯ ಬೊಜ್ಜಕ್ಕೆ ಬರಲಿಲ್ಲ' ಎಂದು ಟೈಪ್ ಮಾಡಿ ಓದಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಓದು ಎಂದರು. ಓದಿದೆ.

"ಹಾಂ," ಎಂದು ಪೆನ್ನಿಗೆ ಕೈ ಚಾಚಿದರು. "ಪಾಪ, ಬರ್ಲಿಲ್ಲ ಅವ."